ಖಿನ್ನತೆಗೆ ಮಾತ್ರೆ ಬರೆಸಿಕೊಳ್ಳುವ ಮೊದಲು ಹಿಂದಿನ ಹುರುಪಿನ ದಿನಗಳನ್ನೂ ವೈದ್ಯರಿಗೆ ಹೇಳಿ

ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ನಡೆಸುವ ನನ್ನ ತಮ್ಮನಿಗೆ ಕಳೆದ ವರ್ಷ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದೆಂದು, ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮಳೆಗಾಲದ ಹೊತ್ತಿಗೆ ಅವನು ಅಂಗಡಿಯ ಬಾಗಿಲು ತೆಗೆಯುವುದನ್ನೇ ಬಿಟ್ಟಿದ್ದ. ಊಟ ಸೇರುತ್ತಿರಲಿಲ್ಲ, ಯಾರೊಂದಿಗೂ ಮಾತಿರಲಿಲ್ಲ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷ ಮಾತನಾಡಿಸಿ, ಖಿನ್ನತೆ ಎಂದು ಹೇಳಿ, ಎಸ್ಸಿಟಲೋಪ್ರಾಮ್ ಬರೆದುಕೊಟ್ಟರು. ಎರಡು ವಾರದಲ್ಲಿ ಅವನು ನಗತೊಡಗಿದಾಗ ನಾವು ದೇವರಿಗೆ ಕೈಮುಗಿದೆವು. ಮೂರನೆಯ ವಾರ ನಿದ್ದೆಯೇ ನಿಂತುಹೋಯಿತು. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ, ಹರಿಹರ, ಹೊನ್ನಾಳಿ, ಚನ್ನಗಿರಿಗಳಲ್ಲಿ ತೆರೆಯಬೇಕಾದ ಅಂಗಡಿಗಳ ಬಾಡಿಗೆ, ಮುಂಗಡಗಳನ್ನು ಉದ್ರಿ ಪುಸ್ತಕದ ಅಂಚಿನವರೆಗೂ ಗೀಚುತ್ತಾ ಕುಳಿತಿದ್ದ. ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ತಡೆಯಲು ಹೋದ ಅಪ್ಪನ ಮೇಲೆ ಕೈಯೆತ್ತಿದ.

ಆಮೇಲೆ ಸೇರಿಸಿದ ಆಸ್ಪತ್ರೆಯ ಮನೋವೈದ್ಯರು ಅಮ್ಮನನ್ನು ಕೇಳಿದ್ದು ಒಂದೇ ಮಾತು: “ಇದಕ್ಕೂ ಮೊದಲು ಯಾವಾಗಲಾದರೂ, ಮೂರು ನಾಲ್ಕು ತಾಸು ಮಾತ್ರ ಮಲಗಿದರೂ ದಣಿವಿಲ್ಲದೆ ಓಡಾಡುತ್ತಿದ್ದನೇನಮ್ಮಾ?” ಹೌದು, ಓಡಾಡಿದ್ದ. ಎರಡು ವರ್ಷದ ಹಿಂದೆ, ಬೇಕಾದ್ದಕ್ಕಿಂತ ಮೂರು ಪಟ್ಟು ಸರಕನ್ನು ಸಾಲದ ಮೇಲೆ ತಂದು ತುಂಬಿದ ಆ ತಿಂಗಳನ್ನು, ಹುಡುಗನಿಗೆ ಜವಾಬ್ದಾರಿ ಬಂತೆಂದು ನಾವೇ ಮೆಚ್ಚಿಕೊಂಡಿದ್ದೆವು. ಅದು ಕಾಯಿಲೆಯೆಂದು ಅನ್ನಿಸದ್ದರಿಂದ ಕ್ಲಿನಿಕ್ಕಿನಲ್ಲಿ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕೇಳದೇ ಹೋದದ್ದು ದೊಡ್ಡ ತಪ್ಪೆಂದೇ ನನ್ನ ಅಭಿಪ್ರಾಯ. ತಮ್ಮನಿಗಿದ್ದದ್ದು ಬೈಪೋಲಾರ್ ಕಾಯಿಲೆ, ಅಂದರೆ ಕೆಲವು ಕಾಲ ಖಿನ್ನತೆ, ಕೆಲವು ಕಾಲ ಹುರುಪು ಮಿತಿಮೀರುವ ಉನ್ಮಾದ. ಈ ಕಾಯಿಲೆಯ ಖಿನ್ನತೆ ಸಾಮಾನ್ಯ ಖಿನ್ನತೆಯ ಹಾಗೆಯೇ ಕಾಣುತ್ತದೆ; ಎರಡನ್ನೂ ಬೇರ್ಪಡಿಸಿ ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲದಿರುವುದರಿಂದ, ವೈದ್ಯರು ಬಹುಪಾಲು ಹಿಂದಿನ ದಿನಗಳ ವಿವರವನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಈ ಕಾಯಿಲೆಯಿರುವವರಿಗೆ ಮನಸ್ಸನ್ನು ಸ್ಥಿಮಿತದಲ್ಲಿಡುವ ಔಷಧಿಯಿಲ್ಲದೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ, ಕೆಲವರಲ್ಲಿ ಉನ್ಮಾದ ಕೆರಳುತ್ತದೆ.

ಆದ್ದರಿಂದ ರೋಗಿಯೊಬ್ಬರನ್ನೇ ಕಳಿಸಬೇಡಿ. ಮನೆಯವರೊಬ್ಬರು ಜೊತೆಗೆ ಹೋಗಿ, ನಿದ್ದೆ ತಗ್ಗಿ ಹುರುಪು ಹೆಚ್ಚಿದ್ದ ದಿನಗಳನ್ನೂ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅದನ್ನೂ, ಕೇಳದಿದ್ದರೂ ಹೇಳಿ. ಮಾತ್ರೆ ಶುರುವಾದ ಮೇಲೆ ನಿದ್ದೆ ಕಡಿಮೆಯಾಗಿ ಮಾತು, ಖರ್ಚು ಏರಿದರೆ ಅಂದೇ ವೈದ್ಯರಿಗೆ ತಿಳಿಸಿ; ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ರಾತ್ರಿಯಲ್ಲಿ ದಿಕ್ಕು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ತಮ್ಮ ಈಗ ಮನಸ್ಸನ್ನು ಸ್ಥಿಮಿತದಲ್ಲಿಡುವ ಲಿಥಿಯಂ ತೆಗೆದುಕೊಳ್ಳುತ್ತಿದ್ದಾನೆ. ರಕ್ತದಲ್ಲಿ ಅದರ ಮಟ್ಟ ಏರಿದರೆ ವಿಷವಾಗುವುದರಿಂದ ರಾತ್ರಿಯ ಮಾತ್ರೆ ನುಂಗಿದ 12 ತಾಸಿಗೆ ಪರೀಕ್ಷೆಗೆ ರಕ್ತ ಕೊಡುತ್ತಾನೆ, ಆ ಮಟ್ಟವನ್ನು ಏರಿಸಬಲ್ಲ ಡೈಕ್ಲೋಫೆನಾಕ್ ಮಾತ್ರೆಯನ್ನು ಮೈಕೈನೋವಿಗೆ ಮೆಡಿಕಲ್ ಅಂಗಡಿಯಿಂದ ತರಿಸುವುದನ್ನು ಬಿಟ್ಟಿದ್ದಾನೆ. ಅವನು ಮಲಗಿದ ತಾಸುಗಳನ್ನು ಅಮ್ಮ ದಿನವೂ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ; ಪ್ರತಿ ಭೇಟಿಗೂ ಆ ಹಾಳೆಯನ್ನು ವೈದ್ಯರ ಮುಂದಿಡುತ್ತೇವೆ.