ರಾತ್ರಿ ಫೋನ್ ಎತ್ತೋ ಡಾಕ್ಟ್ರು ತುಮಕೂರಲ್ಲಿದಾರೆ, 5/5

ಈ ಪೆಟ್ ಕ್ಲಿನಿಕ್‌ಗೆ ಐದಕ್ಕೆ ಐದು ಸ್ಟಾರ್ ಕೊಟ್ಟಿದೀನಿ, ಸ್ವಲ್ಪ ಉದ್ದ ಆಗುತ್ತೆ ಆದ್ರೂ ಓದಿ, ಮನೇಲಿ ನಾಯಿ ಬೆಕ್ಕು ಸಾಕಿರೋರಿಗೆ ಉಪಯೋಗಕ್ಕೆ ಬರುತ್ತೆ.

ತುಮಕೂರಲ್ಲಿ ಹಗಲು ಹೊತ್ತು ಅಷ್ಟು ತೊಂದ್ರೆ ಇಲ್ಲ. ಸರ್ಕಾರಿ ಪಶು ಆಸ್ಪತ್ರೆ ಇದೆ, ವ್ಯಾಕ್ಸಿನ್ ಹಾಕೋ ಕ್ಲಿನಿಕ್‌ಗಳಿವೆ, ಹಳ್ಳಿ ಕಡೆ ಹಸು ಮೇಲೇಳ್ತಿಲ್ಲ ಅಂದ್ರೆ 1962ಗೆ ಫೋನ್ ಮಾಡಿದ್ರೆ ಗಾಡೀಲೇ ಡಾಕ್ಟ್ರು ಬರ್ತಾರೆ. ಕಷ್ಟ ಇರೋದು ರಾತ್ರಿ. ಯಾರನ್ನ ಕೇಳಿದ್ರೂ ಬೆಂಗಳೂರಿಗೆ ಕರ್ಕೊಂಡೋಗಿ ಅಂತಾರೆ, ಹೆಬ್ಬಾಳದ ವೆಟರ್ನರಿ ಕಾಲೇಜ್ ಆಸ್ಪತ್ರೆ ಅಂದ್ರೆ ಹತ್ರ ಹತ್ರ 70 ಕಿಲೋಮೀಟರ್, ನೆಲಮಂಗಲದ ಟ್ರಾಫಿಕ್ ಬೇರೆ, ಹಾವು ಕಚ್ಚಿರೋ ನಾಯಿನ ತೊಡೆ ಮೇಲೆ ಇಟ್ಕೊಂಡು ಆ ದಾರಿ ಹೋಗೋದು ಹೇಗೆ ಹೇಳಿ.

ನಮ್ ನಾಯಿ ಚಿನ್ನಿಗೆ ಆಗಿದ್ದು ಅದೇ, ಹಾವು. ನಮ್ಮನೆ ಕ್ಯಾತ್ಸಂದ್ರದ ಕಡೆ, ಪಕ್ಕದ ಖಾಲಿ ಸೈಟಲ್ಲಿ ಮಳೆ ಬಿದ್ಮೇಲೆ ಪಾರ್ಥೇನಿಯಂ ಸೊಂಟದುದ್ದ ಬೆಳ್ಕೊಂಡಿತ್ತು. ರಾತ್ರಿ ಊಟ ಆದ್ಮೇಲೆ ಗೇಟ್ ಹತ್ರ ಒಂದೇ ಸಮ ಬೊಗಳ್ತಿದ್ಲು, ಆಮೇಲೆ ಕುಂಯ್ ಅಂದ್ಲು, ಟಾರ್ಚ್ ಹಾಕಿ ನೋಡಿದ್ರೆ ಕೊಳಕುಮಂಡಲ, ಕುಕ್ಕರ್ ಕೂಗೋ ಥರ ಬುಸುಗುಡ್ತಾ ಕಾಂಪೌಂಡ್ ಸಂದಿಗೆ ಹೋಯ್ತು. ನೋಡ್ ನೋಡ್ತಿದ್ದಂಗೇ ಅವ್ಳ ಮೂತಿ ಊದ್ಕೊಳ್ತಾ ಬಂತು, ಕಚ್ಚಿದ ಜಾಗದಿಂದ ರಕ್ತ ಜಿನುಗೋದು ನಿಲ್ತಾನೇ ಇಲ್ಲ. ಮೊದ್ಲು ಬೇರೆ ಒಂದು ಕಡೆ ಫೋನ್ ಮಾಡಿದ್ವಿ, ಬೆಳಗ್ಗೆ ಹತ್ತಕ್ಕೆ ಬನ್ನಿ ಅಂದ್ರು. ಇಲ್ಲಿ ಡಾಕ್ಟ್ರು ಮೇಡಂ ಎರಡನೇ ರಿಂಗಿಗೇ ಎತ್ತಿದ್ರು. ನಡೆಸ್ಬೇಡಿ, ಎತ್ಕೊಂಡೇ ಬನ್ನಿ, ಕಟ್ಟೋದು ಕುಯ್ಯೋದು ಏನೂ ಮಾಡ್ಬೇಡಿ, ಹಾವು ಹುಡುಕ್ಕೊಂಡು ಹೋಗ್ಬೇಡಿ, ನೋವಿಗೆ ಅಂತ ಮನೇಲಿರೋ ಡೈಕ್ಲೋಫೆನಾಕ್ ಗೀಕ್ಲೋಫೆನಾಕ್ ಬಾಯಿಗೆ ಹಾಕ್ಲೇಬೇಡಿ, ಅದು ನಾಯಿ ಕಿಡ್ನಿಗೆ ವಿಷ, ತೂಕ ಎಷ್ಟಿದೆ ಹೇಳಿ, ಇಷ್ಟೂ ಒಂದೇ ಉಸಿರಲ್ಲಿ.

ನಾವು ಹೋಗೋ ಹೊತ್ತಿಗೆ ಶಟರ್ ಎತ್ತಿ ಲೈಟ್ ಹಾಕಿತ್ತು. ನಮ್ಮೆಜಮಾನ್ರು ಗಾಬರೀಲಿ, ಮೇಡಂ ಮೊದ್ಲು ವಿಷ ಇಳಿಸೋ ಆಂಟಿವೆನಮ್ ಇಂಜೆಕ್ಷನ್ ಕೊಟ್ಬಿಡಿ ಅಂತ ಕೂತ್ರು. ಅವ್ರು ಕೂಗಾಡ್ಲಿಲ್ಲ. ಕೈ ಕೆಲ್ಸ ಮಾಡ್ತಾನೇ, ಸಾರ್, ಕಚ್ಚಿದಾಗೆಲ್ಲಾ ವಿಷ ಒಂದೇ ಥರ ಇಳಿಯಲ್ಲ, ಈ ಔಷಧಿ ಕುದುರೆ ರಕ್ತದಿಂದ ಮಾಡೋದು, ಕೆಲವಕ್ಕೆ ಜೋರು ರಿಯಾಕ್ಷನ್ ಆಗುತ್ತೆ, ಎಷ್ಟು ಬೇಕು ಅಂತ ನೋಡ್ಕೊಂಡೇ ಕೊಡ್ಬೇಕು ಅಂದ್ರು. ಒಣಗಿರೋ ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ತೆಗೆದು ಅಲ್ಲಾಡಿಸದೆ ಇಟ್ರು, 20 ನಿಮಿಷ ಬಿಟ್ಟು ಓರೆ ಮಾಡಿ ನೋಡೋದು, ರಕ್ತ ಗಟ್ಟಿ ಆಗಿದ್ರೆ ಸರಿ, ಆಗ್ದೇ ಇದ್ರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ ಅಂತ ಅರ್ಥ. ಆ 20 ನಿಮಿಷ ಕೈ ಕಟ್ಕೊಂಡು ಕೂರ್ಲಿಲ್ಲ, ಮುಂಗಾಲಿಗೆ ಸೂಜಿ ಹಾಕಿ ಡ್ರಿಪ್ ಏರಿಸಿದ್ರು, ಊತದ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದ್ರು ಎಷ್ಟು ಹರಡ್ತಿದೆ ಅಂತ ಗೊತ್ತಾಗ್ಲಿ ಅಂತ. ಟ್ಯೂಬ್ ಓರೆ ಮಾಡಿದಾಗ ರಕ್ತ ನೀರಿನ ಹಾಗೆ ಜಾರಿ ಹೋಯ್ತು.

ಕಾಂಪೌಂಡರ್ ಅಣ್ಣ ಅಷ್ಟೊತ್ತಿಗೆ ಆಂಟಿವೆನಮ್ ರೆಡಿ ಮಾಡ್ತಿದ್ರು. ಅದು ಪುಡಿ ರೂಪದಲ್ಲಿ ಬರುತ್ತೆ, ನೀರು ಹಾಕಿ ಜೋರಾಗಿ ಕುಲುಕಬಾರ್ದಂತೆ, ನೊರೆ ಬಂದ್ಬಿಡುತ್ತೆ, ಎರಡೂ ಅಂಗೈ ಮಧ್ಯೆ ಇಟ್ಕೊಂಡು ನಿಧಾನಕ್ಕೆ ಹೊರಳಿಸ್ತಾನೇ ಇದ್ರು, ಪೂರ್ತಿ ಕರಗೋ ತನಕ. ಪಕ್ಕದಲ್ಲೇ ಅಡ್ರಿನಲಿನ್ ಸಿರಿಂಜಲ್ಲಿ ತುಂಬಿಸಿ ಇಟ್ಟಿದ್ರು, ರಿಯಾಕ್ಷನ್ ಆದ್ರೆ ಹುಡುಕೋಕೆ ಟೈಮ್ ಇರಲ್ಲ ನೋಡಿ. ಮನುಷ್ಯರಿಗೆ ಕೊಡೋ ಔಷಧೀನೇ ಇದು, ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ನಂಗೆ ಇದು ಗೊತ್ತೇ ಇರ್ಲಿಲ್ಲ. ಸ್ಟೆರಾಯ್ಡ್ ಒಂದೇ ಹೊಡೆದು ಮನೆಗೆ ಕಳಿಸ್ತಾರಲ್ಲ ಕೆಲವು ಕಡೆ, ಅದರಿಂದ ವಿಷ ಇಳಿಯಲ್ಲ, ಇದನ್ನ ಮಾತ್ರ ಎಲ್ರೂ ತಲೇಲಿಟ್ಕೊಳಿ.

ಉಳಿಯುತ್ತಾ ಮೇಡಂ ಅಂತ ನಾನು ಅಳ್ತಾ ಕೇಳಿದ್ರೆ, ಈಗ್ಲೇ ಹೇಳಕ್ಕಾಗಲ್ಲಮ್ಮ, ಇವತ್ತು ರಕ್ತ, ನಾಳೆ ನಾಡಿದ್ದು ಕಿಡ್ನಿ, ಎರಡೂ ದಾಟ್ಬೇಕು ಅಂದ್ರು. ಸುಳ್ಳು ಸಮಾಧಾನ ಹೇಳ್ಲಿಲ್ಲ, ಅದಕ್ಕೇ ನಂಬಿಕೆ ಬಂತು. ಆರು ಗಂಟೆ ಬಿಟ್ಟು ಮತ್ತೆ ಅದೇ ಟ್ಯೂಬ್ ಟೆಸ್ಟ್, ಈ ಸಲ ಗಟ್ಟಿ ಆಗಿತ್ತು. ಆಮೇಲೆ ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನಿನ್ ಟೆಸ್ಟು, ಉಚ್ಚೆ ಬಣ್ಣ ಹೇಗಿದೆ ನೋಡಿ ಹೇಳಿ ಅಂತ ಅವ್ರೇ ಫೋನ್ ಮಾಡಿ ಕೇಳ್ತಿದ್ರು. ಚಿನ್ನಿ ಈಗ ಮೊಸರನ್ನ ತಿಂತಾಳೆ, ಮೂತಿ ಹತ್ರ ಚರ್ಮ ಒಂಚೂರು ಕಿತ್ತು ಬಂದಿತ್ತು, ಡ್ರೆಸಿಂಗ್ ನಡೀತಿದೆ.

ಕೊರತೆ ಇಲ್ವಾ ಅಂದ್ರೆ ಇದೆ. ಜಾಗ ಚಿಕ್ಕದು, ಅಡ್ಮಿಟ್ ಮಾಡ್ಕೊಳ್ಳೋ ವಾರ್ಡ್ ಇಲ್ಲ, ಡ್ರಿಪ್ ಮುಗಿಯೋ ತನಕ ಮನೆಯವ್ರೇ ಹಿಡ್ಕೊಂಡು ಕೂರ್ಬೇಕು. ರಕ್ತದ ಟೆಸ್ಟ್ ಹೊರಗಡೆ ಲ್ಯಾಬ್. ಸಂಜೆ ಹೊತ್ತು ಕಾಯ್ಬೇಕಾಗುತ್ತೆ. ಡ್ರೆಸಿಂಗ್‌ಗೆ ಹೋದಾಗ ಒಬ್ರು ನಮ್ದು ವ್ಯಾಕ್ಸಿನ್ ಅಷ್ಟೇ, ಗಂಟೆಯಿಂದ ಕೂರಿಸಿದೀರ ಅಂತ ಕಾಂಪೌಂಡರ್ ಅಣ್ಣನ ಮೇಲೆ ರೇಗಾಡ್ತಿದ್ರು, ಒಳಗೆ ಟೇಬಲ್ ಮೇಲೆ ಬೈಕ್ ಗುದ್ದಿದ ಬೆಕ್ಕೊಂದು ಉಸಿರಾಡೋಕೆ ಒದ್ದಾಡ್ತಿತ್ತು. ದಯವಿಟ್ಟು ಹಾಗೆ ಮಾಡ್ಬೇಡಿ. ರಾತ್ರಿ ಎದ್ದು ಬಂದು ಬೆಳಗ್ಗೆ ಓಪಿಗೆ ಕೂರೋರೂ ಇವ್ರೇ, ಶಿಫ್ಟ್ ಬದಲಾಯಿಸೋಕೆ ಇನ್ನೊಬ್ರು ಡಾಕ್ಟ್ರಿಲ್ಲ. ಬಿಲ್ ಜಾಸ್ತಿ ಅನ್ನೋರಿಗೂ ಹೇಳ್ತೀನಿ, ಆಂಟಿವೆನಮ್ ವೈಲ್‌ಗೆ ಎಂಆರ್‌ಪಿ ಮೇಲೆ ಒಂದು ರೂಪಾಯಿ ಹಾಕಿಲ್ಲ, ಖಾಲಿ ಬಾಟಲ್ ಎಣಿಸಿ ತೋರಿಸಿ ಬಿಲ್ ಬರೆದ್ರು.

ರಾತ್ರಿ ಹೋಗೋದಾದ್ರೆ ಹೊರಡೋ ಮುಂಚೆ ಫೋನ್ ಮಾಡಿ, ಆಂಟಿವೆನಮ್ ಸ್ಟಾಕ್ ಇದೆಯಾ ಅಂತ ಆಗ್ಲೇ ಹೇಳ್ತಾರೆ, ಇಲ್ದಿದ್ರೆ ಮೆಡಿಕಲ್ ಶಾಪಿಂದ ತರಿಸೋಕೆ ಅವ್ರಿಗೂ ಟೈಮ್ ಸಿಗುತ್ತೆ. ಹಾವಿನ ಫೋಟೋ ದೂರದಿಂದ ಸಿಕ್ಕಿದ್ರೆ ವಾಟ್ಸಾಪ್ ಮಾಡಿ, ಸಿಗ್ಲಿಲ್ಲ ಅಂದ್ರೆ ಅದಕ್ಕೋಸ್ಕರ ನಿಲ್ಬೇಡಿ, ನಾಯಿನ ಎತ್ಕೊಂಡು ಹೊರಟ್ಬಿಡಿ.