ನಮ್ಮ ಶಾಲಾ ಡಿಸ್ಟ್ರಿಕ್ಟಿನ ವಿಶೇಷ ಶಿಕ್ಷಣ ಸೇವೆ: ಕಡತದಲ್ಲಿ ಗಟ್ಟಿ, ತರಗತಿಯಲ್ಲಿ ಅಷ್ಟಕ್ಕಷ್ಟೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಬಾಡಿಗೆಗೆ ಮನೆ ಹುಡುಕುವ ಕನ್ನಡಿಗರು ಮೊದಲು ನೋಡುವುದು ಆ ವಿಳಾಸಕ್ಕೆ ಸಿಗುವ ಶಾಲೆಯ ರೇಟಿಂಗನ್ನು. ಓದು ಸಲೀಸಾಗಿ ಹತ್ತುವ ಮಕ್ಕಳ ಪರೀಕ್ಷಾ ಫಲಿತಾಂಶವೇ ಹೆಚ್ಚಾಗಿ ಆ ಅಂಕೆಯ ಹಿಂದಿರುವುದರಿಂದ, ಡಿಸ್‌ಲೆಕ್ಸಿಯಾದಂತಹ (ಪದಗಳನ್ನು ಬಿಡಿಸಿ ಓದುವುದು, ಬರೆಯುವುದು ಕಷ್ಟವಾಗುವ) ಕಲಿಕಾ ನ್ಯೂನತೆ ಇರುವ ಮಗುವಿಗೆ ಅದೇ ಶಾಲೆ ಏನು ಮಾಡುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ನಮ್ಮ ಮಗ ಎರಡನೆಯ ತರಗತಿಯಿಂದ ಇಲ್ಲಿನ ಸಾರ್ವಜನಿಕ ಶಾಲಾ ಡಿಸ್ಟ್ರಿಕ್ಟಿನ (ಒಂದು ಪ್ರದೇಶದ ಸರಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯ) ವಿಶೇಷ ಶಿಕ್ಷಣ ಸೇವೆಯನ್ನು ಪಡೆಯುತ್ತಿದ್ದಾನೆ. ಡಿಸ್ಟ್ರಿಕ್ಟಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಕಾಯ್ದೆ ಎಲ್ಲ ಕಡೆಯೂ ಒಂದೇ ಆಗಿರುವುದರಿಂದ, ಪಕ್ಕದ ಊರಿನ ಪೋಷಕರಿಗೂ ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ.

ಈ ಸೇವೆ ಶಾಲೆಯವರು ದಯೆತೋರಿ ಕೊಡುವ ಸೌಲಭ್ಯವಲ್ಲ ಎಂಬುದನ್ನು ಮೊದಲೇ ಹೇಳಬೇಕು. 1975ರಲ್ಲಿ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆ, 1990ರಿಂದ ಐಡಿಇಎ (ಅಂಗವೈಕಲ್ಯವಿರುವವರ ಶಿಕ್ಷಣ ಕಾಯ್ದೆ) ಎಂಬ ಹೆಸರಿನಲ್ಲಿ, ಅಂಗವೈಕಲ್ಯವಿರುವ ಪ್ರತಿ ಮಗುವಿಗೂ ಉಚಿತವಾದ ಮತ್ತು ಅದಕ್ಕೆ ತಕ್ಕುದಾದ ಶಿಕ್ಷಣವನ್ನು ಸಾರ್ವಜನಿಕ ಶಾಲೆಯೇ ಕೊಡಬೇಕೆಂದು ವಿಧಿಸುತ್ತದೆ. ದೇಶದಾದ್ಯಂತ 2022–23ರಲ್ಲಿ ಸುಮಾರು 75 ಲಕ್ಷ ಮಕ್ಕಳು, ಅಂದರೆ ಸಾರ್ವಜನಿಕ ಶಾಲೆಯ ಮಕ್ಕಳಲ್ಲಿ ಸುಮಾರು ಶೇ. 15 ಮಂದಿ, ಈ ಕಾಯ್ದೆಯಡಿ ಸೇವೆ ಪಡೆದರು. ಅವರಲ್ಲಿ ಮೂರರಲ್ಲೊಂದು ಪಾಲು ನಿರ್ದಿಷ್ಟ ಕಲಿಕಾ ನ್ಯೂನತೆಯವರೇ. ಹಾಗಿರುವಾಗ ‘ನಮ್ಮ ಮಗುವಿಗೆ ಮಾತ್ರ ಹೀಗೇಕೆ’ ಎಂಬ ಸಂಕೋಚಕ್ಕೆ ಇಲ್ಲಿ ಆಸ್ಪದವೇ ಇಲ್ಲ. ವೀಸಾದ ಮೇಲಿರುವವರು ಅಂಜುವುದೂ ಬೇಡ: ವಲಸೆಯ ಸ್ಥಿತಿಗತಿ ನೋಡಿ ಮಗುವಿಗೆ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟು 1982ರ ಪ್ಲೈಲರ್ ಪ್ರಕರಣದಲ್ಲೇ ತೀರ್ಮಾನಿಸಿದೆ.

ಸೇವೆಯ ಬಾಗಿಲು ತೆರೆಯುವುದು ಒಂದು ಪತ್ರದಿಂದ. ತರಗತಿಯ ಶಿಕ್ಷಕಿಯೊಡನೆ ಎಷ್ಟೇ ಆತ್ಮೀಯವಾಗಿ ಮಾತನಾಡಿದರೂ ಗಡುವಿನ ಗಡಿಯಾರ ಓಡುವುದಿಲ್ಲ. ‘ನನ್ನ ಮಗುವಿಗೆ ವಿಶೇಷ ಶಿಕ್ಷಣದ ಮೌಲ್ಯಮಾಪನ ಮಾಡಿ’ ಎಂದು ಲಿಖಿತವಾಗಿ ಕೇಳಿದ ದಿನದಿಂದ ಅದು ಓಡತೊಡಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿಂದ 15 ದಿನಗಳೊಳಗೆ ಯಾವ ಯಾವ ಪರೀಕ್ಷೆ ಮಾಡುತ್ತೇವೆ ಎಂಬ ಯೋಜನೆಯನ್ನು ಡಿಸ್ಟ್ರಿಕ್ಟು ಕೊಡಬೇಕು. ನೀವು ಒಪ್ಪಿ ಸಹಿ ಮಾಡಿದ ಮೇಲೆ 60 ದಿನಗಳೊಳಗೆ ಪರೀಕ್ಷೆಗಳು ಮುಗಿದು ಐಇಪಿ (ಆ ಮಗುವಿಗೆಂದೇ ಬರೆಯುವ ಶಿಕ್ಷಣ ಯೋಜನೆಯ) ಸಭೆ ನಡೆಯಬೇಕು. ಬೇಸಿಗೆ ರಜೆಯಂತಹ ದೀರ್ಘ ರಜೆಗಳು ಈ ಲೆಕ್ಕಕ್ಕೆ ಬರುವುದಿಲ್ಲ; ಆದ್ದರಿಂದ ಮೇ ತಿಂಗಳಿನಲ್ಲಿ ಪತ್ರ ಕೊಟ್ಟವರಿಗೆ ಉತ್ತರ ಸಿಗುವಷ್ಟರಲ್ಲಿ ಮಗು ಮುಂದಿನ ತರಗತಿಗೆ ಹೋಗಿ ಒಂದೆರಡು ತಿಂಗಳಾಗಿರಬಹುದು.

ನಮಗೆ ಮೊದಲ ತಡೆ ಎದುರಾದದ್ದು ಇಲ್ಲಿಯೇ. ಮನೆಯಲ್ಲಿ ಕನ್ನಡ ಮಾತನಾಡುತ್ತೇವೆಂದು ದಾಖಲಾತಿಯ ಸಮಯದಲ್ಲಿ ಬರೆದುಕೊಟ್ಟಿದ್ದರಿಂದ ಮಗನಿಗೆ ಇಂಗ್ಲಿಷ್ ಮಟ್ಟದ ಪರೀಕ್ಷೆ ನಡೆದು, ಇಂಗ್ಲಿಷ್ ಕಲಿಯುತ್ತಿರುವವರ ಪಟ್ಟಿಯಲ್ಲಿ ಅವನ ಹೆಸರು ಸೇರಿತ್ತು. ಓದು ಹತ್ತದಿರುವುದಕ್ಕೆ ಅದೇ ಕಾರಣವೆಂದೂ, ಇನ್ನೊಂದು ವರ್ಷ ಕಾದು ನೋಡೋಣವೆಂದೂ, ಸಾಧ್ಯವಾದರೆ ಮನೆಯಲ್ಲೂ ಇಂಗ್ಲಿಷನ್ನೇ ಆಡಿರೆಂದೂ ಶಾಲೆಯವರು ಸಮಾಧಾನ ಹೇಳಿದರು. ಮನೆಮಾತನ್ನು ಬಿಟ್ಟರೆ ಡಿಸ್‌ಲೆಕ್ಸಿಯಾ ಸರಿಹೋಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ತೊಂದರೆಗೆ ಮುಖ್ಯ ಕಾರಣ ಇಂಗ್ಲಿಷಿನ ಕೊರತೆಯೇ ಆಗಿದ್ದರೆ ಅದನ್ನು ನ್ಯೂನತೆ ಎಂದು ತೀರ್ಮಾನಿಸಬಾರದು ಎಂದು ಕಾಯ್ದೆ ಹೇಳುವುದು ನಿಜ. ಆದರೆ ಕಾರಣ ಯಾವುದೆಂದು ತಿಳಿಯುವುದು ಮೌಲ್ಯಮಾಪನ ಮಾಡಿದ ಮೇಲೆಯೇ ಹೊರತು ಅದಕ್ಕೆ ಮೊದಲಲ್ಲ. ತರಗತಿಯಲ್ಲಿ ಕೊಡುತ್ತಿರುವ ಹೆಚ್ಚುವರಿ ಪಾಠವನ್ನು ಮುಂದಿಟ್ಟುಕೊಂಡು ಮೌಲ್ಯಮಾಪನವನ್ನು ತಡಮಾಡುವಂತಿಲ್ಲ ಎಂದು ಕೇಂದ್ರ ಶಿಕ್ಷಣ ಇಲಾಖೆ 2011ರ ಜನವರಿಯಲ್ಲೇ ರಾಜ್ಯಗಳಿಗೆ ಬರೆದು ತಿಳಿಸಿದೆ. ಆ ಮಾತನ್ನು ಉಲ್ಲೇಖಿಸಿ ಪತ್ರ ಬರೆದ ಮೇಲೆ ಕಾದು ನೋಡುವ ಮಾತು ನಿಂತಿತು.

ಮೌಲ್ಯಮಾಪನದ ಗುಣಮಟ್ಟದ ಬಗ್ಗೆ ಮಾತ್ರ ಎರಡು ಮಾತಿಲ್ಲ. ಶಾಲೆಯ ಸೈಕಾಲಜಿಸ್ಟ್ ಬುದ್ಧಿಶಕ್ತಿಯ ಪರೀಕ್ಷೆಯ ಜೊತೆಗೆ ಪದದೊಳಗಿನ ಧ್ವನಿಗಳನ್ನು ಬಿಡಿಸುವ, ಕೂಡಿಸುವ, ಸಾಲಾಗಿ ಕಾಣುವ ಅಕ್ಷರಗಳನ್ನು ಬೇಗಬೇಗನೆ ಹೆಸರಿಸುವ ಪರೀಕ್ಷೆಗಳನ್ನೂ ಮಾಡಿ, ಓದು, ಬರಹ, ಲೆಕ್ಕ ಮೂರನ್ನೂ ಬೇರೆಬೇರೆಯಾಗಿ ಅಳೆದು, ತರಗತಿಗೆ ಬಂದು ಕುಳಿತು ಮಗನನ್ನು ಗಮನಿಸಿ ವಿಸ್ತಾರವಾದ ವರದಿ ಬರೆದಿದ್ದರು. ಖಾಸಗಿಯಾಗಿ ಇದನ್ನೇ ಮಾಡಿಸಲು ಸಾವಿರಾರು ಡಾಲರ್ ತೆರಬೇಕಾಗುತ್ತಿತ್ತು. ಕಥೆ ಕೇಳಿದರೆ ಎಲ್ಲವೂ ಅರ್ಥವಾಗುವ, ಅದೇ ಕಥೆಯನ್ನು ಓದಲು ಕೊಟ್ಟರೆ ಮೂರನೆಯ ಸಾಲಿಗೇ ಬಸವಳಿಯುವ ಹುಡುಗನ ಸಮಸ್ಯೆ ಎಲ್ಲಿದೆ ಎಂಬುದು ಆ ವರದಿಯಲ್ಲಿ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಒಂದೇ ಆಕ್ಷೇಪವೆಂದರೆ, ‘ಡಿಸ್‌ಲೆಕ್ಸಿಯಾ’ ಎಂದು ಬರೆಯಲು ಅವರು ಹಿಂದೇಟು ಹಾಕಿದರು. ಐಇಪಿಯಲ್ಲಿ ಆ ಶಬ್ದ ಬಳಸಲು ಅಡ್ಡಿಯಿಲ್ಲವೆಂದು ಶಿಕ್ಷಣ ಇಲಾಖೆ 2015ರ ಅಕ್ಟೋಬರಿನಲ್ಲಿ ಸ್ಪಷ್ಟಪಡಿಸಿದ ಪತ್ರದ ಪ್ರತಿ ಕೊಟ್ಟ ಮೇಲೆ ಬರೆದರು. ವರದಿಯನ್ನು ಒಪ್ಪದಿದ್ದರೆ ಡಿಸ್ಟ್ರಿಕ್ಟಿನ ಖರ್ಚಿನಲ್ಲಿಯೇ ಹೊರಗಿನ ತಜ್ಞರಿಂದ ಇನ್ನೊಂದು ಮೌಲ್ಯಮಾಪನವನ್ನು ಕೇಳುವ ಹಕ್ಕೂ ಪೋಷಕರಿಗಿದೆ. ಆಗ ಡಿಸ್ಟ್ರಿಕ್ಟು ಒಂದೋ ಹಣ ಕೊಡಬೇಕು, ಇಲ್ಲವೇ ತನ್ನ ವರದಿಯೇ ಸರಿಯೆಂದು ವಿಚಾರಣೆಯಲ್ಲಿ ಸಾಧಿಸಬೇಕು.

ಐಇಪಿ ಸಭೆಯಲ್ಲಿ ಪ್ರಾಂಶುಪಾಲರು, ತರಗತಿಯ ಶಿಕ್ಷಕಿ, ವಿಶೇಷ ಶಿಕ್ಷಕಿ ಮತ್ತು ಸೈಕಾಲಜಿಸ್ಟ್ ಮೇಜಿನ ಒಂದು ಬದಿಯಲ್ಲಿದ್ದರೆ ಅಪ್ಪ ಅಮ್ಮ ಇನ್ನೊಂದು ಬದಿಯಲ್ಲಿ ಕೂರಬೇಕಾಗುತ್ತದೆ. ಎಲ್ಲರೂ ವಿನಯವಂತರೇ, ಆದರೂ ದಪ್ಪನೆಯ ದಾಖಲೆಯನ್ನು ಆಗಷ್ಟೇ ಕೈಗಿತ್ತು ಒಂದು ಗಂಟೆಯಲ್ಲಿ ಸಹಿ ಕೇಳುವ ಕ್ರಮ ಸರಿಯಲ್ಲ. ವರದಿಯನ್ನು ಸಭೆಗೆ ಮೊದಲೇ ಕಳುಹಿಸಿರೆಂದು ಬರೆದು ಕೇಳಿದರೆ ಕಳುಹಿಸುತ್ತಾರೆ. 24 ಗಂಟೆ ಮೊದಲು ತಿಳಿಸಿ ಸಭೆಯ ಮಾತುಕತೆಯನ್ನು ಧ್ವನಿಮುದ್ರಣ ಮಾಡಿಕೊಳ್ಳಬಹುದು. ಅಜ್ಜಿ ತಾತನೇ ಮಗುವನ್ನು ನೋಡಿಕೊಳ್ಳುವ ಮನೆಗಳಲ್ಲಿ, ಅಥವಾ ಪೋಷಕರಿಗೆ ಇಂಗ್ಲಿಷ್ ಕಷ್ಟವಾಗುವ ಕಡೆಗಳಲ್ಲಿ, ದುಭಾಷಿಯನ್ನು ಒದಗಿಸುವ ಹೊಣೆಯೂ ಡಿಸ್ಟ್ರಿಕ್ಟಿನದೇ. ಕನ್ನಡಕ್ಕೆ ಜನ ಸಿಗುವುದಿಲ್ಲ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಅಂದೇ ಸಹಿ ಹಾಕಬೇಕಾದ ಒತ್ತಾಯವೂ ಇಲ್ಲ. ಒಪ್ಪುವ ಭಾಗಗಳಿಗಷ್ಟೇ ಒಪ್ಪಿಗೆ ಕೊಟ್ಟರೆ ಆ ಭಾಗಗಳು ಜಾರಿಗೆ ಬಂದು ಉಳಿದವುಗಳ ಮೇಲೆ ಚರ್ಚೆ ಮುಂದುವರಿಯುತ್ತದೆ. ಈ ವಿಷಯವನ್ನು ಸಭೆಯಲ್ಲಿ ಯಾರೂ ತಾವಾಗಿ ಹೇಳಲಿಲ್ಲ.

ಇಡೀ ದಾಖಲೆಯಲ್ಲಿ ತಲೆ ಕೆಡಿಸಿಕೊಂಡು ಓದಬೇಕಾದದ್ದು ಗುರಿಗಳ ಪುಟವನ್ನು. ನಮಗೆ ಕೊಟ್ಟ ಮೊದಲ ಕರಡಿನಲ್ಲಿ ‘ಓದಿನ ನಿರರ್ಗಳತೆಯಲ್ಲಿ ಸುಧಾರಣೆ ತೋರುವನು’ ಎಂದಷ್ಟೇ ಇತ್ತು. ಇಂತಹ ಗುರಿಯನ್ನು ಮುಟ್ಟದಿರುವುದೇ ಕಷ್ಟ! ತಿದ್ದಿಸಿದ ಮೇಲೆ ಅದು, ‘ಮೊದಲು ನೋಡಿರದ, ಎರಡನೆಯ ತರಗತಿಯ ಮಟ್ಟದ ಭಾಗವನ್ನು ಕೊಟ್ಟಾಗ ನಿಮಿಷಕ್ಕೆ 80 ಪದಗಳನ್ನು ಶೇ. 95ರಷ್ಟು ನಿಖರತೆಯೊಡನೆ ಓದುವನು’ ಎಂದಾಯಿತು. ಈಗ ಎಷ್ಟು ಪದ ಓದುತ್ತಾನೆ ಎಂಬ ಆರಂಭದ ಅಂಕೆಯೂ ಪಕ್ಕದಲ್ಲಿ ಬಂತು. ಕೊಲೊರಾಡೊದ ಡಗ್ಲಸ್ ಕೌಂಟಿ ಡಿಸ್ಟ್ರಿಕ್ಟಿನ ವಿರುದ್ಧದ ಎಂಡ್ರೂ ಎಫ್. ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಒಮ್ಮತದಿಂದ ಹೇಳಿದ್ದು ಇದನ್ನೇ: ಹೆಸರಿಗೊಂದಿಷ್ಟು ಪ್ರಗತಿಯಾದರೆ ಸಾಲದು, ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿಯನ್ನು ಸಾಧಿಸುವಂತೆ ಐಇಪಿ ರೂಪುಗೊಂಡಿರಬೇಕು. ಅಳತೆಯೇ ಇಲ್ಲದ ಗುರಿಯನ್ನಿಟ್ಟುಕೊಂಡು ಆ ಹಕ್ಕನ್ನು ಕೇಳುವುದಾದರೂ ಹೇಗೆ?

ಇಷ್ಟರ ತನಕ ಸೇವೆಗೆ ಪೂರ್ಣ ಅಂಕ ಕೊಡಬಹುದು. ಅಂಕ ಇಳಿಯುವುದು ಪಾಠ ಶುರುವಾದ ಮೇಲೆ. ವಾರದಲ್ಲಿ ನಾಲ್ಕು ದಿನ ಅರ್ಧ ಗಂಟೆ ಮಗ ರಿಸೋರ್ಸ್ ಕೋಣೆಗೆ, ಅಂದರೆ ವಿಶೇಷ ಪಾಠ ನಡೆಯುವ ಪ್ರತ್ಯೇಕ ಕೋಣೆಗೆ, ಹೋಗುತ್ತಾನೆ. ವಿಶೇಷ ಶಿಕ್ಷಕಿ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಮಾದರಿಯಲ್ಲಿ ಪದವನ್ನು ಧ್ವನಿಧ್ವನಿಯಾಗಿ ಬಿಡಿಸುವುದನ್ನು ಕಲಿಸುತ್ತಾರೆ. ‘ಶಿಪ್’ ಎಂಬ ಪದ ಬಂದರೆ ಮಕ್ಕಳು ಹೆಬ್ಬೆರಳಿಗೆ ಒಂದೊಂದೇ ಬೆರಳನ್ನು ತಾಗಿಸುತ್ತ ‘ಶ್’, ‘ಇ’, ‘ಪ್’ ಎಂದು ಮೂರು ಧ್ವನಿಗಳನ್ನು ಎಣಿಸಿ, ಅನಂತರ ಕೂಡಿಸಿ ಓದಿ, ಅದನ್ನೇ ಬರೆಯುತ್ತಾರೆ. ಕ್ರಮಬದ್ಧವಾದ, ಫಲಕೊಡುವ ವಿಧಾನವಿದು; ಶಿಕ್ಷಕಿಯೂ ಸಮರ್ಥರು. ತೊಂದರೆಯೆಂದರೆ, ಅದೇ ಅರ್ಧ ಗಂಟೆಯಲ್ಲಿ ಬೇರೆಬೇರೆ ತರಗತಿಗಳ, ಬೇರೆಬೇರೆ ತೊಂದರೆಗಳ ಮಕ್ಕಳು ಒಂದೇ ಮೇಜಿನ ಸುತ್ತ ಕುಳಿತಿರುತ್ತಾರೆ. ಕ್ಯಾಲಿಫೋರ್ನಿಯಾದ ಕಾನೂನು ಒಬ್ಬ ರಿಸೋರ್ಸ್ ಶಿಕ್ಷಕರಿಗೆ 28 ಮಕ್ಕಳವರೆಗೆ ವಹಿಸಲು ಬಿಡುತ್ತದೆ. ಪರೀಕ್ಷೆ, ವರದಿ, ಸಭೆಗಳೂ ಇದೇ ಶಿಕ್ಷಕಿಯ ತಲೆಯ ಮೇಲಿರುವುದರಿಂದ ಪಾಠದ ಅವಧಿ ಆಗಾಗ ತಪ್ಪುತ್ತದೆ, ತಪ್ಪಿದ್ದನ್ನು ಮನೆಗೆ ತಿಳಿಸುವವರಿಲ್ಲ. ಹಣದ ಕಥೆಯನ್ನೂ ಇಲ್ಲಿ ಮರೆಯುವಂತಿಲ್ಲ. ವಿಶೇಷ ಶಿಕ್ಷಣಕ್ಕೆ ತಗಲುವ ಹೆಚ್ಚುವರಿ ವೆಚ್ಚದ ಲೆಕ್ಕದಲ್ಲಿ ಶೇ. 40ರವರೆಗೆ ಭರಿಸುವುದಾಗಿ 1975ರಲ್ಲಿ ಮಾತು ಕೊಟ್ಟ ಕೇಂದ್ರ ಸರಕಾರ ಈಚಿನ ವರ್ಷಗಳಲ್ಲಿ ಶೇ. 15ನ್ನೂ ಮುಟ್ಟಿಲ್ಲ, ಉಳಿದದ್ದು ರಾಜ್ಯದ ಮತ್ತು ಡಿಸ್ಟ್ರಿಕ್ಟಿನ ಪಾಲಿಗೆ. ಡಿಸ್ಟ್ರಿಕ್ಟಿನ ಇಕ್ಕಟ್ಟು ಅರ್ಥವಾಗುತ್ತದೆ, ಆದರೆ ಆ ಇಕ್ಕಟ್ಟನ್ನು ಎಂಟು ವರ್ಷದ ಮಗುವಿನ ಪಾಠದ ನಿಮಿಷಗಳಿಂದ ತುಂಬಿಕೊಳ್ಳುವುದು ಒಪ್ಪತಕ್ಕದ್ದಲ್ಲ.

ತರಗತಿಯೊಳಗಿನ ಅನುಕೂಲಗಳ ವಿಷಯದಲ್ಲಿ ಹೇಳಿಕೊಳ್ಳುವಂತಹ ದೂರಿಲ್ಲ. ಪರೀಕ್ಷೆಗೆ ಹೆಚ್ಚುವರಿ ಸಮಯ, ಲೆಕ್ಕದ ಪ್ರಶ್ನೆಗಳನ್ನು ಓದಿ ಹೇಳುವುದು, ಹಲಗೆಯ ಮೇಲಿನದನ್ನು ನಕಲು ಮಾಡುವ ಬದಲು ಮುದ್ರಿತ ಪ್ರತಿ ಕೊಡುವುದು, ಇವೆಲ್ಲ ತಪ್ಪದೆ ನಡೆಯುತ್ತವೆ. ಅರ್ಹ ವಿದ್ಯಾರ್ಥಿಗಳಿಗೆ ಉಚಿತವಾಗಿರುವ ಬುಕ್‌ಶೇರ್ ಎಂಬ ಆನ್‌ಲೈನ್ ಗ್ರಂಥಾಲಯದಿಂದ ಪುಸ್ತಕಗಳನ್ನು ಕೇಳುತ್ತಲೇ ಅಕ್ಷರಗಳನ್ನು ಹಿಂಬಾಲಿಸಿ ಓದುವುದು ಮಗನಿಗೆ ಬಹಳ ಹಿಡಿಸಿದೆ.

ಬೆಂಗಳೂರಿಗೆ ಮರಳುವ ಯೋಚನೆಯಿರುವವರು ಗಮನಿಸಬೇಕಾದ ವ್ಯತ್ಯಾಸ ಒಂದಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ರಿಯಾಯಿತಿಗಳು ಸಿಗುತ್ತವೆ. ಅಲ್ಲಿ ಪೋಷಕರ ಓಡಾಟವೆಲ್ಲ ಹೆಚ್ಚಾಗಿ ಪರೀಕ್ಷೆಯ ರಿಯಾಯಿತಿಯ ಸುತ್ತಲೇ ನಡೆದರೆ, ಇಲ್ಲಿ ಓದಲು ಕಲಿಸುವುದೇ ಶಾಲೆಯ ಕಾನೂನುಬದ್ಧ ಕರ್ತವ್ಯವಾಗಿದೆ. ಇಲ್ಲಿನ ಐಇಪಿ ಅಲ್ಲಿ ನಡೆಯುವುದಿಲ್ಲವಾದರೂ ಮೌಲ್ಯಮಾಪನದ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಐದಕ್ಕೆ ಅಂಕ ಕೊಡುವುದಾದರೆ ಮೌಲ್ಯಮಾಪನಕ್ಕೆ ಐದು, ತರಗತಿಯ ಅನುಕೂಲಗಳಿಗೆ ನಾಲ್ಕು, ಪಾಠಕ್ಕೆ ಎರಡೂವರೆ. ಕ್ಯಾಲಿಫೋರ್ನಿಯಾದಲ್ಲಿ 2025–26ರ ಶಾಲಾ ವರ್ಷದಿಂದ ಕಿಂಡರ್‌ಗಾರ್ಟನ್‌ನಿಂದ ಎರಡನೆಯ ತರಗತಿಯವರೆಗಿನ ಮಕ್ಕಳಿಗೆ ಪ್ರತಿ ವರ್ಷ ಓದಿನ ತೊಂದರೆಯ ತಪಾಸಣೆ ಕಡ್ಡಾಯವಾಗಿರುವುದರಿಂದ ಈಗ ಸೇರುವ ಮಕ್ಕಳಿಗೆ ಕಾದು ನೋಡುವ ಉಪದೇಶ ಕಡಿಮೆಯಾಗಬಹುದು. ರಿಸೋರ್ಸ್ ಕೋಣೆಯ ಮೇಜಿನ ಸುತ್ತ ಮಕ್ಕಳು ಇನ್ನಷ್ಟು ಹೆಚ್ಚಲೂಬಹುದು. ಈಗಾಗಲೇ ಸೇವೆಯಲ್ಲಿರುವವರು ಮುಂದಿನ ವಾರ್ಷಿಕ ಸಭೆಗೆ ಮೊದಲು, ಐಇಪಿಯಲ್ಲಿ ಬರೆದ ನಿಮಿಷಗಳಲ್ಲಿ ನಿಜವಾಗಿ ಕೊಟ್ಟದ್ದೆಷ್ಟು ಎಂಬ ದಾಖಲೆಯನ್ನು ಲಿಖಿತವಾಗಿ ಕೇಳಿ. ಮಗುವಿನ ಶಾಲಾ ದಾಖಲೆಗಳನ್ನು ಕೇಳಿದ ಐದು ಕೆಲಸದ ದಿನಗಳೊಳಗೆ ಕೊಡಬೇಕೆಂಬ ನಿಯಮ ಈ ರಾಜ್ಯದಲ್ಲಿದೆ. ತಪ್ಪಿಹೋದ ಅವಧಿಗಳನ್ನು ಬೇಸಿಗೆಯಲ್ಲಾದರೂ ತುಂಬಿಕೊಡಿರೆಂದು ಕೇಳಲು ಆ ದಾಖಲೆಯೇ ಆಧಾರವಾಗುತ್ತದೆ.