ಸೈಜ್ ಮೂರು ಇದೆಯಾ ಅಣ್ಣ? ಅಶೋಕನಗರದ ಒಂದು ಬೂಟಿನಂಗಡಿ

ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಿಂದ ಹತ್ತು ನಿಮಿಷ ನಡೆದರೆ ಸಿಗುತ್ತದೆ. ಬೋರ್ಡ್ ಇಲ್ಲ. ಒಂದು ಜೆರಾಕ್ಸ್ ಅಂಗಡಿ, ಒಂದು ಟೈಲರ್ ಅಂಗಡಿ, ಎರಡರ ನಡುವೆ ಒಂದೇ ಶಟರ್ ಅಗಲದ ಜಾಗ. ಲೇಸು ಗಂಟು ಹಾಕಿ ಸರಳಿಗೆ ನೇತುಬಿಟ್ಟ ಏಳೆಂಟು ಜೊತೆ ಫುಟ್‌ಬಾಲ್ ಬೂಟು ಕಂಡರೆ ಅದೇ ಅಂಗಡಿ. ಹೊಸ ಬೂಟು ಮಾರುತ್ತಾರೆ, ಹಳೇದು ರಿಪೇರಿ ಮಾಡುತ್ತಾರೆ. ನಾಲ್ಕು ವರ್ಷದಿಂದ ನನ್ನ ಶಾಲೆಯ ಹೆಣ್ಣುಮಕ್ಕಳನ್ನು ಇಲ್ಲಿಗೇ ಕರೆತರುತ್ತಿದ್ದೇನೆ. ಬೇರೆ ಶಾಲೆಯ ಪಿ.ಟಿ. ಟೀಚರ್‌ಗಳು, ಮಗಳನ್ನು ಫುಟ್‌ಬಾಲ್‌ಗೆ ಸೇರಿಸಿರುವ ಅಪ್ಪ ಅಮ್ಮಂದಿರು ಆಗಾಗ ಕೇಳುತ್ತಿರುತ್ತಾರೆ, ಅದಕ್ಕೆ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕಿ. ನನ್ನ ಹತ್ತಿರ ಈಗ ಹದಿನಾರು ಹುಡುಗಿಯರು ಆಡುತ್ತಾರೆ. ಹೆಚ್ಚಿನವರ ಕಾಲಿನ ಅಳತೆ ಎರಡರಿಂದ ನಾಲ್ಕು. ಈ ಅಳತೆಯ ಫುಟ್‌ಬಾಲ್ ಬೂಟು ಹುಡುಕಿದವರಿಗೇ ಗೊತ್ತು ಅದರ ಕಷ್ಟ. ದೊಡ್ಡ ಅಂಗಡಿಗಳಲ್ಲಿ ಆರರಿಂದ ಹತ್ತು ಸಾಲಾಗಿ ಇರುತ್ತದೆ. ಅದಕ್ಕಿಂತ ಚಿಕ್ಕದು ಕೇಳಿದರೆ ಮಕ್ಕಳ ಕ್ಯಾನ್ವಾಸ್ ಶೂ ತೋರಿಸುತ್ತಾರೆ, ಇಲ್ಲವೇ "ಐದು ತಗೊಳ್ಳಿ ಮೇಡಂ, ಎರಡು ಸಾಕ್ಸ್ ಹಾಕಿದ್ರೆ ಸರಿಯಾಗುತ್ತೆ" ಅನ್ನುತ್ತಾರೆ. ಈ ಅಂಗಡಿಯಲ್ಲಿ ಎರಡು, ಮೂರು, ನಾಲ್ಕು ಮೂರೂ ಅಳತೆ ಯಾವಾಗಲೂ ಇರುತ್ತದೆ. ಬರೀ ಇದೊಂದಕ್ಕೇ ನಾನು ಬಸ್ ಹತ್ತಿ ಬರುತ್ತೇನೆ.

ಹೋದ ತಿಂಗಳು ಎಂಟನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. ಅವಳ ಜೊತೆ ಇನ್ನಿಬ್ಬರು, ಸೋಲ್ ಬಿಟ್ಟ ಬೂಟು ಹಿಡಿದುಕೊಂಡು. ಈ ಹುಡುಗಿ ಅಣ್ಣನ ಬೂಟಿನಲ್ಲಿ ಮೂರು ತಿಂಗಳು ಆಡಿ ಎರಡೂ ಹೆಬ್ಬೆರಳಿನ ಉಗುರು ಕಪ್ಪು ಮಾಡಿಕೊಂಡಿದ್ದಳು. ಒಳಗೆ ಕಾಲಿಟ್ಟ ತಕ್ಷಣ ಅಂಗಡಿಯವರು ಅವಳನ್ನೇ ನೋಡಿ ಕೇಳಿದ ಮೊದಲ ಮಾತು: "ಯಾವ ಪೊಸಿಷನ್ ಆಡ್ತೀಯಮ್ಮ?"

"ಲೆಫ್ಟ್ ವಿಂಗ್" ಅಂದಳು, ಮೆಲ್ಲಗೆ.

"ಯಾವ ಗ್ರೌಂಡು? ಮಣ್ಣಾ, ಹುಲ್ಲಾ, ಟರ್ಫಾ?"

1984ರಲ್ಲಿ ನನಗೆ ಹದಿನಾರು ವರ್ಷ. ಅಪ್ಪ ಕೊಟ್ಟ ದುಡ್ಡು ಮುಷ್ಟಿಯಲ್ಲಿ ಹಿಡಿದು ಇದೇ ಊರಿನ ಒಂದು ಸ್ಪೋರ್ಟ್ಸ್ ಅಂಗಡಿಗೆ ಹೋಗಿದ್ದೆ. ಅಲ್ಲಿಯವರು ಕೇಳಿದ್ದು, "ಅಣ್ಣನಿಗಾ, ತಮ್ಮನಿಗಾ?" ನನಗೇ ಅಂದಾಗ ಒಳಗಿದ್ದ ಇನ್ನೊಬ್ಬರನ್ನು ಕರೆದು ತೋರಿಸಿ ನಕ್ಕಿದ್ದರು. ಆ ನಗು ನಲವತ್ತು ವರ್ಷ ನನ್ನ ಜೊತೆ ಬಂದಿದೆ. ಅದಕ್ಕೇ "ಯಾವ ಪೊಸಿಷನ್ ಆಡ್ತೀಯಮ್ಮ" ಅನ್ನುವ ಪ್ರಶ್ನೆ ಕೇಳಿ ನನಗೆ ಗಂಟಲು ಕಟ್ಟಿತು.

ಅಳತೆ ತೆಗೆಯುವ ರೀತಿಯನ್ನು ಹೇಳಲೇಬೇಕು. ಸಂಜೆಯೇ ಬನ್ನಿ ಅನ್ನುತ್ತಾರೆ, ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ ಅಂತ. ಆಡುವಾಗ ಹಾಕುವ ಸಾಕ್ಸನ್ನೇ ಹಾಕಿರಬೇಕು. ನೆಲದ ಮೇಲೆ ಖಾಕಿ ಕಾಗದ ಹಾಸಿ ಎರಡೂ ಪಾದ ಇಟ್ಟು ನಿಲ್ಲಲು ಹೇಳಿ, ಪೆನ್ಸಿಲ್‌ನಲ್ಲಿ ಸುತ್ತಲೂ ಗೆರೆ ಎಳೆಯುತ್ತಾರೆ. ನಮ್ಮ ಹುಡುಗಿಯ ಎಡಗಾಲು ಬಲಗಾಲಿಗಿಂತ ಒಂದು ನೂಲು ಉದ್ದ. ಅದನ್ನು ಅವಳಿಗೇ ತೋರಿಸಿದರು. ಬೂಟು ಹಾಕಿಸಿದ ಮೇಲೆ ಮುಂದೆ ಹೆಬ್ಬೆಟ್ಟಿನಿಂದ ಒತ್ತಿ ನೋಡಿದರು, ಹಿಂದೆ ಹಿಮ್ಮಡಿಯ ಹತ್ತಿರ ಕಿರುಬೆರಳು ತೂರಿಸಿ ನೋಡಿದರು. ಆಮೇಲೆ ಹೊರಗೆ ಫುಟ್‌ಪಾತ್ ಮೇಲೆ ಓಡಿಸಿ "ನಿಲ್ಲು!" ಅಂದರು. ಅವಳು ಗಕ್ಕನೆ ನಿಂತಾಗ ಹಿಮ್ಮಡಿ ಬೂಟಿನಿಂದ ಮೇಲೆದ್ದಿತು.

"ನೋಡಿ ಮೇಡಂ, ಇದೇ ತೊಂದರೆ. ಇವರ ಹಿಮ್ಮಡಿ ಸಣ್ಣ. ಬೂಟನ್ನ ಗಂಡುಮಕ್ಕಳ ಅಚ್ಚಿನ ಮೇಲೇ ಹೊಲಿದಿರ್ತಾರೆ, ಅಳತೆ ಮಾತ್ರ ಚಿಕ್ಕದು ಮಾಡ್ತಾರೆ. ಮುಂದೆ ಸರಿಯಾದ್ರೆ ಹಿಂದೆ ಸಡಿಲ, ಹಿಂದೆ ಸರಿಯಾದ್ರೆ ಮುಂದೆ ಒತ್ತತ್ತೆ."

ಮಾತು ನೂರಕ್ಕೆ ನೂರು ನಿಜ. ಹೆಣ್ಣಿನ ಪಾದಕ್ಕೆಂದೇ ಅಚ್ಚು ಮಾಡಿದ ಬೂಟುಗಳನ್ನು ಜಗತ್ತಿನ ದೊಡ್ಡ ಕಂಪನಿಗಳು ತಂದಿದ್ದೇ ಈಚೆಗೆ. ಅವುಗಳ ಬೆಲೆ ನಮ್ಮ ಮಕ್ಕಳ ಮನೆಗೆ ಎಟುಕುವಂಥದ್ದಲ್ಲ. ಇವರು ಮಾಡುವ ಉಪಾಯ ಸರಳ. ಹಿಂಭಾಗದ ಒಳಪದರ ಬಿಚ್ಚಿ, ಎರಡೂ ಪಕ್ಕಕ್ಕೆ ತೆಳು ಫೋಮ್ ತುಂಡು ಕೂರಿಸಿ ಮತ್ತೆ ಹೊಲಿಯುತ್ತಾರೆ. ಇದಕ್ಕೆ ಎಂಬತ್ತು ರೂಪಾಯಿ. ಮತ್ತೆ ಓಡಿಸಿದಾಗ ಹಿಮ್ಮಡಿ ಅಲ್ಲಾಡಲಿಲ್ಲ. ಹೊಸ ಬೂಟಿಗೆ ಸಾವಿರದ ನೂರ ಐವತ್ತು ಕೊಟ್ಟೆ, ಜಲಂಧರ್ ಮಾಲು. ಬಿಲ್ ಬೇಕೆಂದರೆ ಕೈಯಲ್ಲಿ ಬರೆದು ಕೊಡುತ್ತಾರೆ.

ಸ್ಟಡ್, ಅಂದರೆ ಬೂಟಿನ ಅಡಿಯ ಹಲ್ಲುಗಳ ವಿಷಯದಲ್ಲೂ ಅವರ ಮಾತು ಕೇಳಿ. ನಮ್ಮ ಮೈದಾನ ಕೆಂಪು ಮಣ್ಣು, ಬೇಸಿಗೆಯಲ್ಲಿ ಸಿಮೆಂಟಿನ ಹಾಗೆ. ಉದ್ದ ಸ್ಟಡ್ ಅದರೊಳಗೆ ಇಳಿಯುವುದಿಲ್ಲ, ಅದರ ಒತ್ತಡವೆಲ್ಲ ಅಂಗಾಲಿಗೆ ಬರುತ್ತದೆ. ಟರ್ಫ್, ಅಂದರೆ ಕೃತಕ ಹುಲ್ಲಿನ ಮೇಲೆ ಅದೇ ಉದ್ದ ಸ್ಟಡ್ ಸಿಕ್ಕಿಹಾಕಿಕೊಂಡು ಪಾದ ನಿಂತಲ್ಲೇ ನಿಲ್ಲುತ್ತದೆ, ಮೊಣಕಾಲು ತಿರುಗುತ್ತದೆ. ಹುಡುಗಿಯರಿಗೆ ಮೊಣಕಾಲಿನೊಳಗಿನ ಎಸಿಎಲ್ ಲಿಗಮೆಂಟ್ ಹರಿಯುವ ಸಂಭವ ಹುಡುಗರಿಗಿಂತ ಎರಡು ಪಟ್ಟಿಗೂ ಹೆಚ್ಚು. ಹೆಚ್ಚು ಲಾಭ ಸಿಗುವ ಉದ್ದ ಸ್ಟಡ್ ಬೂಟನ್ನು ಈ ಮನುಷ್ಯ ತೆಗೆದಿಟ್ಟು, ಗಿಡ್ಡನೆಯ ರಬ್ಬರ್ ಸ್ಟಡ್ ತುಂಬ ಇರುವುದನ್ನೇ ಕೊಟ್ಟರು.

ಇನ್ನಿಬ್ಬರ ಸೋಲ್ ಅಂಟಿಸಲು ಸೊಲ್ಯೂಷನ್ ಹಚ್ಚಿ ಒಣಗಲು ಇಟ್ಟಿದ್ದರು. ಅರ್ಧ ಗಂಟೆ ಕಾಯಬೇಕು. ಆಗ ಹುಡುಗಿಯರ ಕಣ್ಣು ಗೋಡೆಗೆ ಹೋಯಿತು. ಪೆಲೆ ಇದ್ದಾರೆ, ಮರಡೋನಾ ಇದ್ದಾರೆ, ಅವರಿಬ್ಬರ ಪಕ್ಕದಲ್ಲಿ ಸೆಲ್ಲೋಟೇಪಿನಿಂದ ಅಂಟಿಸಿದ ಒಂದು ಪೇಪರ್ ಕಟಿಂಗ್. ಜುಲೈ 2025, ಥಾಯ್ಲೆಂಡಿನ ಚಿಯಾಂಗ್ ಮಾಯ್, ನೀಲಿ ಜೆರ್ಸಿಯ ನಮ್ಮ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದಾರೆ. ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದ ದಿನ. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು.

"ಮಿಸ್, ಏಷ್ಯಾದಲ್ಲಿ ನಾವು ಇದೇ ಫಸ್ಟ್ ಟೈಮಾ?" ಅಂತ ಒಬ್ಬಳು ಕೇಳಿದಳು.

ಅರ್ಹತಾ ಪಂದ್ಯ ಗೆದ್ದು ಜಾಗ ಪಡೆದದ್ದು ಇದೇ ಮೊದಲ ಸಲ, ಆದರೆ ಒಂದು ಕಾಲದಲ್ಲಿ ಏಷ್ಯಾದಲ್ಲೇ ಎರಡನೆಯವರಾಗಿದ್ದೆವು ಕಣಮ್ಮ ಅಂದೆ. ನಂಬಲಿಲ್ಲ. ಅರ್ಧ ಗಂಟೆ ಇತ್ತಲ್ಲ, ಕೂರಿಸಿ ಹೇಳಿದೆ.

1975ರಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ಒಂದು ಪ್ರತ್ಯೇಕ ಫೆಡರೇಷನ್ ಹುಟ್ಟಿಕೊಂಡಿತು. ಗಂಡಸರ ಆಟ ನೋಡಿಕೊಳ್ಳುತ್ತಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ (ಎಐಎಫ್ಎಫ್) ಇದಕ್ಕೂ ಸಂಬಂಧವಿರಲಿಲ್ಲ. ಅದೇ ವರ್ಷ ಲಖನೌದಲ್ಲಿ ಮೊದಲ ರಾಷ್ಟ್ರೀಯ ಟೂರ್ನಿ ನಡೆಯಿತು. ಕೋಲ್ಕತ್ತಾದಲ್ಲಿ ಸುಶೀಲ್ ಭಟ್ಟಾಚಾರ್ಯ ಎಂಬ ಕೋಚ್ ಹುಡುಗಿಯರನ್ನು ಕಲೆಹಾಕಿ ಕಲಿಸತೊಡಗಿದರು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಮೊದಲ ಕೋಚ್ ಅವರು. ಅಂಥವರು ಹುಡುಗಿಯರಿಗೆ ಚೆಂಡು ತಡೆಯುವುದರಿಂದ ಶುರುಮಾಡಿ ಕಲಿಸಿದರು. ಅಥ್ಲೆಟಿಕ್ಸ್, ಹಾಕಿ, ಕಬಡ್ಡಿ ಆಡುತ್ತಿದ್ದವರು ಫುಟ್‌ಬಾಲ್‌ಗೆ ಬಂದರು. ಐದೇ ವರ್ಷದಲ್ಲಿ, 1980ರಲ್ಲಿ, ಏಷ್ಯಾ ಚಾಂಪಿಯನ್‌ಶಿಪ್ ನಮ್ಮ ಪಕ್ಕದ ಕೋಳಿಕ್ಕೋಡಿನಲ್ಲೇ ನಡೆಯಿತು. ಭಾರತ ಒಂದಲ್ಲ, ಎರಡು ತಂಡ ಇಳಿಸಿತ್ತು. ಒಂದು ತಂಡ ಫೈನಲ್ ತಲುಪಿ ತೈವಾನ್ ಎದುರು 2-0ರಿಂದ ಸೋತಿತು. ಮರು ವರ್ಷ ಹಾಂಗ್‌ಕಾಂಗ್‌ನಲ್ಲಿ ಮೂರನೇ ಸ್ಥಾನ. 1983ರಲ್ಲಿ ಥಾಯ್ಲೆಂಡ್‌ಗೆ ಹೋಗಿ ಮತ್ತೆ ಫೈನಲ್, ಅಲ್ಲಿ ಥಾಯ್ಲೆಂಡೇ ಗೆದ್ದಿತು.

"ಅದೇ ಥಾಯ್ಲೆಂಡಾ?" ಅಂತ ಕಟಿಂಗ್ ಕಡೆ ಕೈ ತೋರಿಸಿದಳು. ಹೌದು, ಅದೇ. ನಡುವೆ ನಲವತ್ತೆರಡು ವರ್ಷ.

1983ರಲ್ಲೇ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮಹಿಳಾ ಫುಟ್‌ಬಾಲ್ ಆಟಗಾರ್ತಿಯೊಬ್ಬರಿಗೆ ಅದು ಮೊದಲನೆಯದು. ಎರಡನೆಯದು ಮಣಿಪುರದ ಬೆಂಬೆಮ್ ದೇವಿ ಅವರಿಗೆ ಬಂದಾಗ 2017. ಆ ಮೊದಲ ತಲೆಮಾರಿನ ತಂಡದಲ್ಲಿ ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಇದ್ದರು. ಚಿತ್ರಾ ಅವರ ಹೆಸರು ಹೇಳಿದಾಗ ಅಂಗಡಿಯವರು ಸೂಜಿ ನಿಲ್ಲಿಸಿ ತಲೆಯೆತ್ತಿದರು. ನಮ್ಮ ಹುಡುಗಿಯರು ಆ ಹೆಸರು ಕೇಳಿದ್ದು ಅದೇ ಮೊದಲು. ಈ ಊರಿನಲ್ಲಿ ಫುಟ್‌ಬಾಲ್ ಆಡುವ ಹೆಣ್ಣುಮಗುವಿಗೆ ಆ ಹೆಸರು ಗೊತ್ತಿಲ್ಲವೆಂದರೆ ತಪ್ಪು ನನ್ನಂಥ ಟೀಚರ್‌ಗಳದೇ. ಈಗ ಶಾಲೆಯ ಕ್ರೀಡಾ ಕೊಠಡಿಯ ಗೋಡೆಗೆ ಬರೆಸಿದ್ದೇನೆ.

ಆಮೇಲಿನ ಕಥೆಯನ್ನು ಬೇಗ ಮುಗಿಸಿದೆ, ಹೇಳಲು ಹೊಟ್ಟೆ ಉರಿಯುತ್ತದೆ. 1986ರ ಏಷ್ಯಾ ಟೂರ್ನಿಗೆ ನಮ್ಮ ತಂಡ ಹೋಗಲೇ ಇಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಹೆಣ್ಣುಮಕ್ಕಳ ಆಟವೂ ಎಐಎಫ್ಎಫ್ ಕೈಗೆ ಬಂತು, ಆದರೆ ಅಷ್ಟರಲ್ಲಿ ಚೀನಾ, ಜಪಾನ್ ಬಲು ಮುಂದೆ ಹೋಗಿದ್ದವು. 1998ರ ಏಷ್ಯನ್ ಗೇಮ್ಸ್‌ನಲ್ಲಿ ಚೀನಾ ನಮಗೆ ಹದಿನಾರು ಗೋಲು ಹೊಡೆಯಿತು. 2009ರಲ್ಲಿ ಪಂದ್ಯಗಳನ್ನೇ ಆಡುತ್ತಿಲ್ಲವೆಂದು ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದ ನಮ್ಮ ಹೆಸರೇ ಹೋಯಿತು. 2010ರಲ್ಲಿ ಬಾಂಗ್ಲಾದೇಶದಲ್ಲಿ ನಡೆದ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದ ಮೇಲೆ ಮತ್ತೆ ಚೇತರಿಕೆ.

ಮಕ್ಕಳಿಗೆ ಹೆಚ್ಚು ಹಿಡಿಸಿದ್ದು ಸ್ಕೋರ್ ಅಲ್ಲ, ನನ್ನ ಹಳೇ ಬೂಟಿನ ವಿಷಯ. ನಾನು ದೇಶಕ್ಕೆ ಆಡಿದವಳಲ್ಲ, ಕಾಲೇಜು ತಂಡ, ಜಿಲ್ಲಾ ತಂಡ, ಅಷ್ಟೇ. ಆ ದಿನ ನಕ್ಕ ಅಂಗಡಿಯಿಂದ ಬರಿಗೈಯಲ್ಲಿ ಬಂದ ಮೇಲೆ ನನಗೆ ಸಿಕ್ಕಿದ್ದು ಎದುರುಮನೆಯ ಹುಡುಗ ಬಿಟ್ಟ ಏಳನೇ ನಂಬರ್ ಬೂಟು. ಮುಂದೆ ಹಳೇ ಸೀರೆಯ ಚೂರು ತುರುಕಿ ಆಡುತ್ತಿದ್ದೆ. ಸ್ಟಡ್ಡು ಚರ್ಮದ್ದು, ಬಿಲ್ಲೆಯ ಮೇಲೆ ಬಿಲ್ಲೆ ಜೋಡಿಸಿ ಮೊಳೆ ಹೊಡೆದಿರುತ್ತಿದ್ದರು. ಚರ್ಮ ಸವೆದ ಹಾಗೆ ಮೊಳೆ ಸೋಲಿನೊಳಗೆ ಏರುತ್ತದೆ. ಅರ್ಧ ಆಟದಲ್ಲಿ ಅಂಗಾಲಿಗೆ ಚುಚ್ಚುವುದು ಗೊತ್ತಾಗುತ್ತಿತ್ತು, ಹೇಳಿದರೆ ಹೊರಗೆ ಕೂರಿಸುತ್ತಾರೆಂದು ಹೇಳುತ್ತಿರಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ಸಾಕ್ಸ್ ತೆಗೆದರೆ ಮೂರು ಕೆಂಪು ಚುಕ್ಕೆ, ಒಲೆಯ ಕಲ್ಲು ಇಟ್ಟ ಹಾಗೆ ತ್ರಿಕೋನ. ಅಮ್ಮ ಅರಿಶಿನ ಒತ್ತುತ್ತಿದ್ದಳು. ನನ್ನ ಜೊತೆ ಆಡುತ್ತಿದ್ದ ಒಂಬತ್ತು ಹುಡುಗಿಯರಲ್ಲಿ ಆರು ಜನ ಎರಡೇ ವರ್ಷದಲ್ಲಿ ಬಿಟ್ಟರು. ಮದುವೆ, ಮನೆ ಎಲ್ಲ ಆಮೇಲೆ ಬಂದವು. ಇಬ್ಬರು ಬಿಟ್ಟಿದ್ದು ಕಾಲು ನೋವಿಗೇ.

ಇದನ್ನು ಕೇಳುತ್ತಾ ಅಂಗಡಿಯವರು ಎದ್ದು, ಕಪಾಟಿನ ಕೆಳಗಿನ ಡಬ್ಬದಿಂದ ಹಳೆಯ ಕಾಲದ ಒಂದು ಚರ್ಮದ ಸ್ಟಡ್ ತೆಗೆದು ಮಕ್ಕಳ ಕೈಗೆ ಕೊಟ್ಟರು. ಅವರ ತಂದೆ ಹೊಡೆಯುತ್ತಿದ್ದದ್ದಂತೆ. ಮೂರೂ ಮೊಳೆ ಹಾಗೇ ಇತ್ತು. ನಮ್ಮ ಲೆಫ್ಟ್ ವಿಂಗ್ ಹುಡುಗಿ ಅದರ ತುದಿಯನ್ನು ಬೆರಳಿನಿಂದ ಮುಟ್ಟಿ, ನನ್ನ ಕಾಲನ್ನು ನೋಡಿದಳು.

ರಿಪೇರಿ ಕೆಲಸದ ಗುಣಮಟ್ಟ ಹೇಳಿಬಿಡುತ್ತೇನೆ. ಬರೀ ಅಂಟಿಸಿ ಕೊಡುವುದಿಲ್ಲ, ಮೇಣ ಹಚ್ಚಿದ ದಾರದಲ್ಲಿ ಸೋಲಿನ ಸುತ್ತ ಕೈಹೊಲಿಗೆ ಹಾಕುತ್ತಾರೆ. ಒಂದು ಜೊತೆ ಬೂಟಿಗೆ ಇನ್ನೂರ ಇಪ್ಪತ್ತು ರೂಪಾಯಿ. ಹೋದ ವರ್ಷ ಹೊಲಿಸಿದ ಐದು ಜೊತೆಯಲ್ಲಿ ನಾಲ್ಕು ಇನ್ನೂ ಮೈದಾನದಲ್ಲಿವೆ. ಐದನೆಯದರ ಸೋಲ್ ಅಡ್ಡಕ್ಕೆ ಮುರಿದಿತ್ತು, ಅದು ಹೊಲಿಗೆಯ ತಪ್ಪಲ್ಲ. ಕಾಲು ಬೆಳೆದು ಚಿಕ್ಕದಾದ ಬೂಟು ಒಳ್ಳೆಯ ಸ್ಥಿತಿಯಲ್ಲಿದ್ದರೆ ವಾಪಸ್ ತೆಗೆದುಕೊಂಡು, ತೊಳೆದು, ಬೇರೆ ಮಗುವಿಗೆ ಮುನ್ನೂರು ಮುನ್ನೂರೈವತ್ತಕ್ಕೆ ಕೊಡುತ್ತಾರೆ. ಬಡ ಶಾಲೆಗಳಿಗೆ ಇದು ತುಂಬ ದೊಡ್ಡ ಅನುಕೂಲ.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕೊಡುವುದಿಲ್ಲ. ಗುರುವಾರ ಅಂದರೆ ಶನಿವಾರ ಅಂತ ತಿಳಿದುಕೊಳ್ಳಿ. ಒಮ್ಮೆ ಇಲಾಖೆಯ ಕ್ರೀಡಾಕೂಟದ ಹಿಂದಿನ ಸಂಜೆಯವರೆಗೂ ಎರಡು ಜೊತೆ ಸಿಗದೆ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಇನ್ನೊಂದು ಸಲ ಒಂದೇ ಬೂಟಿಗೆ ಬೇರೆ ಬೇರೆ ಎತ್ತರದ ಸ್ಟಡ್ ಹಾಕಿದ್ದರು, ಮೈದಾನದಲ್ಲಿ ಗೊತ್ತಾಯಿತು. ತಪ್ಪು ಒಪ್ಪಿಕೊಂಡು ದುಡ್ಡಿಲ್ಲದೆ ಬದಲಿಸಿ ಕೊಟ್ಟರು ನಿಜ, ಆದರೆ ಆ ಹುಡುಗಿ ಒಂದು ಪಂದ್ಯ ಹೊರಗೆ ಕೂರಬೇಕಾಯಿತು. ಆದ್ದರಿಂದ ತೆಗೆದುಕೊಳ್ಳುವಾಗ ತಿರುವಿ ನೋಡಿ. ಚಿಕ್ಕ ಕೈಯ ಗೋಲ್‌ಕೀಪರ್ ಗ್ಲೌಸ್ ಇವರಲ್ಲಿ ಸಿಗುವುದಿಲ್ಲ, ಮೂರು ಸಲ ಕೇಳಿದ್ದೇನೆ. ಕೂರಲು ಒಂದೇ ಬೆಂಚು, ಒಳಗೆ ಸೊಲ್ಯೂಷನ್ ವಾಸನೆ ಜೋರು. ತಲೆನೋವು ಬರುವವರು ಹೊರಗೇ ನಿಲ್ಲಿ. ಕಾರ್ಡ್ ನಡೆಯುವುದಿಲ್ಲ, ಫೋನ್‌ಪೇ ಆಗುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಗ್ಲೌಸ್ ತರಿಸಿದ ದಿನ ಉಳಿದ ಅರ್ಧ.

ಸೋಮವಾರ ರಜೆ. ಮಿಕ್ಕ ದಿನ ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಎಂಟೂವರೆ. ಐದು ಗಂಟೆಯ ಮೇಲೆ ಹೋಗಿ, ಆಡುವ ಸಾಕ್ಸ್ ಮರೆಯಬೇಡಿ. ಮುಂದಿನ ಶನಿವಾರ ನಾನು ಆರನೇ ಕ್ಲಾಸಿನ ಇಬ್ಬರನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಒಬ್ಬಳಿಗೆ ಎರಡು, ಇನ್ನೊಬ್ಬಳಿಗೆ ಎರಡೂ ದೊಡ್ಡದು. ಫೋನ್ ಮಾಡಿದಾಗ "ಕರ‍್ಕೊಂಡ್ ಬನ್ನಿ ಮೇಡಂ, ಒಂದು ಹಾಕಿ ನೋಡೋಣ" ಅಂದಿದ್ದಾರೆ.